ಪಂಪವ್ವನ ಬಾಯಿ

ನಮ್ಮೂರಿನಲ್ಲಿ ಪ್ರತಿಯೊಬ್ಬರ ಮಾತೂ ಬದುಕಿನಲ್ಲಿ ಒಮ್ಮೆ ತವರಿಗೆ ಹೋಗುತ್ತದೆ. ಯಾವಾಗ ಹೋಗುತ್ತದೆ, ಎಷ್ಟು ದಿನ ಇದ್ದು ಬರುತ್ತದೆ ಎಂಬುದು ಯಾರಿಗೂ ತಿಳಿಯದು. ಕೆಲವರದು ಹುಣ್ಣಿಮೆಗೆ ಹೋಗಿ ಅಮಾವಾಸ್ಯೆಗೆ ಬಂದುಬಿಡುತ್ತದೆ. ಕೆಲವರದು ಬಿತ್ತನೆಯಲ್ಲಿ ಹೋದದ್ದು ಸುಗ್ಗಿ ಮುಗಿದರೂ ಬರುವುದಿಲ್ಲ. ಹಾಗೆ ಹೋದಾಗ ಮನೆಯವರು ಗಾಬರಿಯಾಗುವುದಿಲ್ಲ. ಹೊಸ್ತಿಲ ಮೇಲೆ ಒಂದು ತಂಬಿಗೆ ನೀರಿಟ್ಟು, "ಹೋಗಿ ಬಾ ತಾಯಿ" ಎಂದು ಕೈಮುಗಿದು, ತಮ್ಮ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ಆದರೆ ಬದುಕು ನಡೆಯಬೇಕಲ್ಲ. ಸಂತೆಯಲ್ಲಿ ಮೆಣಸಿನಕಾಯಿಗೆ ಚೌಕಾಸಿ ಮಾಡಬೇಕು, ಹಾದಿಯಲ್ಲಿ ಸಿಕ್ಕವರಿಗೆ ಶರಣು ಅನ್ನಬೇಕು, ಪಕ್ಕದ ಮನೆಯ ಕೋಳಿ ಒಳಗೆ ನುಗ್ಗಿದರೆ ಬೈಯಬೇಕು. ಅದಕ್ಕೆ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದಾರೆ. ಮಾತು ಹೋಗುವ ಮುಂಚೆ ಕೊನೆಯ ಮಾತನ್ನು ಯಾರಿಗೆ ಆಡಿದರೋ ಅವರೇ ಇವರ ಬಾಯಿ. ಮಾತಿಲ್ಲದವರ ಮೈಮೇಲೆ ಕೈಯಿಟ್ಟು ಬಾಯಿಯಾದವರು ಏನು ಹೇಳುತ್ತಾರೋ ಅದು ಮಾತಿಲ್ಲದವರದೇ ಮಾತು. ಆಮೇಲೆ ತಲೆಯಾಡಿಸಿ, ಕೈಯಾಡಿಸಿ ಅಲ್ಲಗಳೆದರೆ ನಡೆಯುವುದಿಲ್ಲ. ಮಾತು ಮರಳಿ ಬಂದ ಕೂಡಲೇ ಮಠಕ್ಕೆ ಹೋಗಿ ಜಾಗಟೆ ಬಾರಿಸಬೇಕು. ಬಾಯಿಯಾದವರಿಗೆ ಅಲ್ಲಿಗೆ ಬಿಡುಗಡೆ. ಬಂದ ಮಾತನ್ನು ಬಚ್ಚಿಟ್ಟುಕೊಂಡು ಕೂತರೆ ಅದಕ್ಕೆ ಕಳ್ಳಮೌನ ಎಂದು ಹೆಸರು. ಅಂಥವರ ಮನೆತನಕ್ಕೆ ಮುಂದೆ ಯಾರೂ ಬಾಯಿಯಾಗುವುದಿಲ್ಲ.

ಹೀಗಾಗಿ ನಮ್ಮೂರಿನ ಗಂಡಹೆಂಡಿರು ಎಷ್ಟೇ ಮುನಿಸಿದ್ದರೂ ಮಲಗುವ ಮುಂಚೆ ಒಬ್ಬರಿಗೊಬ್ಬರು ಒಂದು ಮಾತು ಆಡಿಯೇ ಮಲಗುತ್ತಾರೆ. ಪರಸ್ಥಳದ ಕಲಾಯಿಯವನೊಬ್ಬ ಯಾರದೋ ಜೊತೆ ಹಂಡೆಯ ವಿಚಾರಕ್ಕೆ ಜಗಳಕ್ಕೆ ನಿಂತು, ಅವರ ಬಾಯಿಯಾಗಿ, ಕೊನೆಗೆ ಇಲ್ಲೇ ಮನೆ ಮಾಡಿಕೊಂಡ. ಎತ್ತಿಗೆ "ಹೋ" ಎಂದದ್ದೇ ಮಾತು ಕಳಕೊಂಡವನೊಬ್ಬನಿಗೆ, ಆ ಎತ್ತು ಮಾರಿದವನನ್ನೇ ಬಾಯಿ ಮಾಡಿದರು.

ನನ್ನ ಅಜ್ಜ ಮಠದಲ್ಲಿ ಶ್ರಾವಣದ ಪುರಾಣ ಓದುತ್ತಿದ್ದ. ಷಟ್ಪದಿಯ ಒಂದು ಸಾಲು ಮುಗಿದು ಇನ್ನೊಂದು ಏಳುವ ಮುಂಚೆ ಅವನು ಉಸಿರು ಹಿಡಿದು ಒಂದಿಷ್ಟು ನಿಲ್ಲುತ್ತಿದ್ದ. ಕಂಬಕ್ಕೆ ಒರಗಿ ಕೂತ ನನಗೆ ಆ ನಿಲುಗಡೆಯಲ್ಲೇ ದೇವರು ಬಂದು ಕೂತಂತೆ ಅನ್ನಿಸುತ್ತಿತ್ತು. ಆಡುವುದಕ್ಕಿಂತ ಕೇಳುವುದು ನನಗೆ ಅಂದಿನಿಂದ ರೂಢಿಯಾಯಿತು. ಪಂಪವ್ವ ಮತ್ತು ಕೊಟ್ರವ್ವ ನಮ್ಮ ಗೋಡೆಯಾಚೆಯವರು. ಈಗ ಹೇಳುತ್ತಿರುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಅರ್ಧ ಕೊಟ್ರವ್ವ ನಮ್ಮ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ ಹೇಳಿದ್ದು.

ಇಬ್ಬರೂ ವಾರಗಿತ್ತಿಯರು. ಪಂಪವ್ವ ಹಿರಿಯಳು. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಕೊಟ್ರವ್ವ ಕಿರಿಯಳು, ತಿಪ್ಪೇಶಿಯ ಹೆಂಡತಿ. ಒಂದೇ ಅಂಗಳದಲ್ಲಿ ಎರಡು ಮಂಡಕ್ಕಿ ಭಟ್ಟಿ, ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಇಬ್ಬರೂ ಬೆಳಗಿನಿಂದ ಕಾದ ಮರಳಲ್ಲಿ ಅಕ್ಕಿ ಹುರಿದು ಅರಳಿಸುತ್ತ, ಆ ಗೋಡೆಯ ಮೇಲಿಂದ ಒಬ್ಬರನ್ನೊಬ್ಬರು ಹಂಗಿಸುತ್ತ ಬಂದವರು.

ಕೊಟ್ರವ್ವನ ಎರಡನೆಯ ಮಗು ಹುಟ್ಟಿದಾಗ ಅವಳಿಗೆ ಬಾಣಂತಿಸನ್ನಿ ಹತ್ತಿತ್ತು. ಬದುಕುವ ಭರವಸೆ ಇರಲಿಲ್ಲ. ಕೂಸನ್ನು ಎತ್ತಿ ಪಂಪವ್ವನ ಮಡಿಲಲ್ಲಿ ಹಾಕಿದರು. ಕೊಟ್ರವ್ವ ಬದುಕಿದಳು, ಕೂಸು ಮಾತ್ರ ಆ ಮಡಿಲಿಂದ ಇಳಿಯಲಿಲ್ಲ. ಅಂಬುಜಾ ಎಂದು ಹೆಸರಿಟ್ಟವಳು ಪಂಪವ್ವ. ಹುಡುಗಿ ಪಂಪವ್ವನನ್ನು ಅವ್ವ ಎಂದಳು, ಹೆತ್ತವಳನ್ನು ಸಣ್ಣವ್ವ ಎಂದಳು. ಕೊಟ್ರವ್ವ ಅದನ್ನು ಕೇಳಿದಾಗಲೆಲ್ಲ ಜರಡಿಯನ್ನು ಸ್ವಲ್ಪ ಜೋರಾಗಿ ಅಲ್ಲಾಡಿಸುತ್ತಿದ್ದಳು.

ಆ ವರ್ಷ ಅಂಬುಜಾಗೆ ಗಂಡು ಗೊತ್ತಾಯಿತು. ನಮ್ಮಲ್ಲಿ ಮದುವೆಯ ದಿನ ತಾಯಿಯಾದವಳು ಹೊಸ್ತಿಲಲ್ಲಿ ನಿಂತು ಮಗಳನ್ನು ಮೂರು ಸಲ ಹೆಸರು ಹಿಡಿದು ಕರೆಯಬೇಕು. ಆ ಮೂರನೆಯ ಕರೆಗೇ ಮದುಮಗಳು ಒಳಮನೆಯಿಂದ ಎದ್ದು ಬರುವುದು. ಕರೆಯುವವರು ಯಾರು? ಅಂಗಳದಲ್ಲಿ ಮಾತು ಬೆಳೆಯಿತು.

"ಹೆತ್ತಾಕಿ ನಾನು. ಕರಿಯಾಕಿನೂ ನಾನ" ಎಂದಳು ಕೊಟ್ರವ್ವ.

"ಹೆತ್ತಿ, ಹೌದು. ಹೆತ್ತು ಎಲ್ಲಿಟ್ಟಿ? ನನ್ನ ಮಡಿಲಾಗ ಇಟ್ಟಿ. ಇಟ್ಟು ಮರ್ತಿ. ಈಗ ಮದುವಿ ಅಂದಕೂಡ್ಲೆ ಹೊಟ್ಟಿ ನೆನಪಾತೇನು?"

"ಮರ್ತಿದ್ದು ಯಾರು? ಕೇಳಾಕ ಬಂದಾಗೆಲ್ಲ ನೀನ ದೂಡಿದಿ. ಹಲ್ಲು ಬರ್ಲಿ ಅಂದಿ, ಹೆಜ್ಜಿ ಇಡ್ಲಿ ಅಂದಿ, ಸಾಲಿಗೆ ಹೋಗ್ಲಿ ಅಂದಿ. ಈಗೇನು, ಮೊಮ್ಮಕ್ಕಳಾಗ್ಲಿ ಅಂತೀಯಾ?"

"ಲೇ ಕೊಟ್ರಿ, ನೀ ಕರದ್ರ ಆಕಿ ಎದ್ದು ಬರಂಗಿಲ್ಲ. ನಿನ್ನ ದನಿ ಆಕೀಗೆ..."

ಪಂಪವ್ವನ ತುಟಿ ಇನ್ನೂ ಆಡುತ್ತಿತ್ತು. ದನಿ ಇರಲಿಲ್ಲ. ಎರಡು ಸಲ ಕೆಮ್ಮಿದಳು, ಗಂಟಲು ಹಿಡಿದುಕೊಂಡಳು. ಜರಡಿ ಹಿಡಿದಿದ್ದ ಹನುಮಕ್ಕ ಎದ್ದು ನಿಂತು, "ಅಯ್ಯ ಶಿವನ! ಪಂಪಕ್ಕನ ಮಾತು ಹೋತು!" ಎಂದು ಕೂಗಿದಳು. "ಯಾರ ಕೂಡ ಮಾತಾಡಾಕತ್ತಿದ್ಲು?"

ಇಡೀ ಅಂಗಳ ಕೊಟ್ರವ್ವನ ಕಡೆ ತಿರುಗಿತು. ಕೊಟ್ರವ್ವ ಮೊದಲು ಗಹಗಹಿಸಿ ನಕ್ಕಳು. ಆಮೇಲೆ ನಗು ಅರ್ಧಕ್ಕೇ ನಿಂತಿತು. ಪಂಪವ್ವ ಅಕ್ಕಿಯ ಚೀಲದ ಮೇಲೆ ಕುಸಿದು ಹಣೆ ಬಡಿದುಕೊಂಡಳು.

ಮೊದಮೊದಲು ಕೊಟ್ರವ್ವ ಇದನ್ನು ಹಬ್ಬವೆಂದೇ ತಿಳಿದಳು. ಪಂಪವ್ವನ ಭಟ್ಟಿಗೆ ಗಿರಾಕಿ ಬಂದರೆ, ಗೋಡೆ ದಾಟಿ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟು, "ನನ್ನ ಮಂಡಕ್ಕಿಗಿಂತ ಕೊಟ್ರವ್ವಂದ ಗರಿಗರಿ ಇರತೈತ್ರಿ, ಅಲ್ಲೇ ಒಯ್ರಿ" ಅನ್ನುತ್ತಿದ್ದಳು. ಪಂಪವ್ವ ಸೌಟು ಎತ್ತಿಕೊಂಡು ಅಂಗಳದ ತುಂಬ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಗಿರಾಕಿಗಳು ನಗುತ್ತ ಇಬ್ಬರ ಹತ್ತಿರವೂ ಕೊಂಡು ಹೋಗುತ್ತಿದ್ದರು. ಸುದ್ದಿ ಮಠದ ರೇವಣಯ್ಯನವರಿಗೆ ಮುಟ್ಟಿತು. ಅವರು ನಮ್ಮೂರ ದೈವಕ್ಕೆ, ಅಂದರೆ ಹಿರಿಯರ ಕೂಟಕ್ಕೆ, ಹಿರಿಯರು. ಕೊಟ್ರವ್ವನನ್ನು ಕರೆಸಿ ಇಷ್ಟೇ ಹೇಳಿದರು: "ನೋಡವ್ವ, ಬಾಯಿ ಆದಾಕಿ ಅಡಗಿ ಬಡಸ್ಬೇಕು. ತಾನ ರುಚಿ ನೋಡಬಾರ್ದು."

ಅಂದಿನಿಂದ ಅವಳು ಪಂಪವ್ವನ ಹತ್ತಿರ ಕೂತು ಅವಳನ್ನು ಕಲಿಯತೊಡಗಿದಳು. ಬಾಯಿಯಾದವರು ಬೆಳಗಿನ ಹೊತ್ತು ಮಾತಿಲ್ಲದವರ ಎದುರು ಕೂರಬೇಕೆಂಬ ರೂಢಿಯಿದೆ. ಇಷ್ಟು ವರ್ಷ ಗೋಡೆಯ ಮೇಲಿಂದ ಕಂಡ ಮುಖವನ್ನು ಕೊಟ್ರವ್ವ ಈಗ ಮೊಳದ ದೂರದಿಂದ ಕಂಡಳು. ಹುಬ್ಬು ಏರಿದರೆ ಬೇಡ ಎಂದು. ಮೂಗಿನ ತುದಿ ಉಜ್ಜಿದರೆ ನಗು ಬಂದಿದೆ, ಆದರೆ ತೋರಿಸುವ ಮನಸ್ಸಿಲ್ಲ ಎಂದು. ಸೋಮವಾರ ಮಠದಲ್ಲಿ ಮನೆಗೊಂದರಂತೆ ಪದ್ಯ ಹೇಳುವ ಪಾಳಿ ಬಂದಾಗ ಪಂಪವ್ವನ ಪದ್ಯವನ್ನು ಕೊಟ್ರವ್ವ ಹೇಳಬೇಕಾಯಿತು. ಪಂಪವ್ವ ತೊಡೆ ತಟ್ಟಿ ತಾಳ ಕೊಟ್ಟಳು. ಕೊಟ್ರವ್ವ ನಾಲ್ಕನೆಯ ಸಾಲನ್ನು ಎರಡನೆಯದಕ್ಕೆ ತಂದು ಗಂಟು ಹಾಕಿದಳು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಅಷ್ಟು ಕೆಟ್ಟದಾಗಿ ಪದ್ಯ ಹೇಳಿದ್ದನ್ನು ನಾನು ಕೇಳಿಲ್ಲ. ಅಷ್ಟು ಕಣ್ಣುಮುಚ್ಚಿ ಭಕ್ತಿಯಿಂದ ತಾಳ ಹಾಕಿದ್ದನ್ನೂ ಕಂಡಿಲ್ಲ.

ಒಂದು ಮಧ್ಯಾಹ್ನದ ಸಂಗತಿ ಕೊಟ್ರವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಅಂಬುಜಾ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. "ಸೈಲೆಂಟ್ ಅಂದ್ರ ಮಾತಾಡದೆ ಇರೋದು" ಎಂದು ಅವಳು, ಅದನ್ನೇ ಮಕ್ಕಳು. ಅಕ್ಕಿ ಕೇರುತ್ತಿದ್ದ ಪಂಪವ್ವ ಮೊರವನ್ನು ನೆಲಕ್ಕೆ ಕುಕ್ಕಿದಳು. ತನ್ನ ಕಡೆ ಬೆರಳು ತೋರಿಸಿ, ತುಟಿ ಮುಟ್ಟಿ, ಹುಬ್ಬು ಏರಿಸಿದಳು. ಪಕ್ಕದಲ್ಲೇ ಕಲ್ಲು ಆರಿಸುತ್ತಿದ್ದ ಕೊಟ್ರವ್ವ ನಿಟ್ಟುಸಿರು ಬಿಟ್ಟು ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

"ಅಂಬೂ, ಹಂಗಾದ್ರ ನಾನೂ ಸೈಲೆಂಟ್ ಏನ?"

"ಹೌದಲ್ಲವ್ವ, ನೀ ಮಾತಾಡಂಗಿಲ್ಲಲ್ಲ."

ಪಂಪವ್ವನ ಕೈ ಬೀದಿಯ ಕಡೆ ಹೋಯಿತು. ಕೊಟ್ರವ್ವ ಅದನ್ನು ಹಿಂಬಾಲಿಸಿದಳು. "ಹನುಮಕ್ಕ ಗಂಡನ ಕೂಡ ಯುಗಾದಿಯಿಂದ ಮಾತಾಡವಲ್ಲಳು. ಆಕೀನೂ ಸೈಲೆಂಟ್ ಏನು? ಆಕಿ ಮಾತು ಬಿಟ್ಟಾಕಿ. ನಂದು ಮಾತು ಹೋದದ್ದು. ಮಠದ ದೊಡ್ಡಜ್ಜಾರು ವ್ರತ ಹಿಡದು ಕುಂತಾರ, ಅವರು ಮೌನಿ. ಅತ್ತಿ ಬೈದ್ರೂ ತಲಿ ತಗ್ಗಿಸಿಕೊಂಡು ನಿಂತಿರತೈತಲ್ಲ ಕಮ್ಮಾರ ಓಣಿ ಸೊಸಿ, ಅದು ಬಾಯಿಲ್ಲದ ಕೂಸು. ಹುಟ್ಟಿದಾಗಿಂದ ಮಾತಿಲ್ಲದ ಈರಪ್ಪಜ್ಜಗ ನಾವು ಏನಂತೀವಿ? ಮಾತು ತವರಾಗ ಉಳದೈತಿ ಅಂತೀವಿ. ಮತ್ತ ಬೆಲ್ಲ ಯಾರು ತಿಂದ್ರು ಅಂತ ಕೇಳಿದ್ರ ಗೊತ್ತಿದ್ದೂ ಮುಗುಮ್ಮಾಗಿ ಕುಂದರ್ತಾನಲ್ಲ, ಆ ಕೊಟ್ರಿ ಗಂಡ..."

ಕೊಟ್ರವ್ವ ನಾಲಿಗೆ ಕಚ್ಚಿಕೊಂಡಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಪಂಪವ್ವ ಮೂಗಿನ ತುದಿ ಉಜ್ಜಿಕೊಂಡಳು.

"ಇಂಗ್ಲಿಷ್‌ನಾಗ ಎಲ್ಲಾರಿಗೂ ಇದೊಂದ ಪದ ನಡೀತೈತವ್ವ" ಎಂದಳು ಅಂಬುಜಾ. "ಕ್ಲಾಸೂ ಸೈಲೆಂಟ್, ರಸ್ತೇನೂ ಸೈಲೆಂಟ್. ಒಂದೊಂದು ಅಕ್ಷರಾನೂ ಸೈಲೆಂಟ್ ಇರತೈತಿ. ಬರೀತಾರ, ಓದಂಗಿಲ್ಲ."

"ಓದಂಗಿಲ್ಲಂದ್ರ ಬರಿಯೋದು ಯಾಕ?"

ಅಂಬುಜಾ ಅವ್ವನ ಮುಖ ನೋಡಿದಳು. ಪಂಪವ್ವ ಏನೂ ಕೇಳಿರಲಿಲ್ಲ. ಕೊಟ್ರವ್ವನ ಕೈ ಅವಳ ಮೊಣಕಾಲ ಮೇಲೆ ಇರಲೂ ಇಲ್ಲ. "ಇದು ಯಾರ ಪ್ರಶ್ನಿ ಸಣ್ಣವ್ವ?"

"ಇದು ನಂದು."

"ಅದಿಲ್ಲಂದ್ರ ಆ ಪದಾನ ಆಗಂಗಿಲ್ಲ ಸಣ್ಣವ್ವ. ದನಿ ಇಲ್ಲಂದ್ರೂ ಅದು ಅಲ್ಲಿ ಇರಬೇಕು."

ಕೊಟ್ರವ್ವ ಕಲ್ಲು ಆರಿಸುವುದನ್ನು ಬಿಟ್ಟು ಬಹಳ ಹೊತ್ತು ಮೊರದ ಅಕ್ಕಿಯನ್ನೇ ನೋಡುತ್ತ ಕೂತಳು. ಪಂಪವ್ವ ಅದನ್ನು ಕಂಡಳು. ಕಂಡು, ತನ್ನ ಪಾಲಿನ ಅಕ್ಕಿಯನ್ನೂ ಅವಳ ಮೊರಕ್ಕೆ ಸುರಿದು ಒಳಗೆ ಹೋದಳು. ಅದು ಬೈಗುಳವೋ ಸಮಾಧಾನವೋ ಆ ದಿನ ಕೊಟ್ರವ್ವನಿಗೆ ತಿಳಿಯಲಿಲ್ಲ.

ಸುಗ್ಗಿ ಹತ್ತಿರವಾಯಿತು. ಮಾತು ಬರಲಿಲ್ಲ. ಕರೆಯುವವರು ಯಾರೆಂಬುದನ್ನು ದೈವದ ಮುಂದಿಟ್ಟರು. ಅಂಬುಜಾಳನ್ನು ಕೇಳಿದರೆ, "ಇಬ್ಬರಾಗ ಒಬ್ಬಾಕೀನ ಆರ್ಸು ಅಂದ್ರ ನಂಗ ಮದುವೀನ ಬ್ಯಾಡ" ಎಂದು ಬಾಗಿಲು ಹಾಕಿಕೊಂಡಳು. ದೈವ ಕೂಡುವ ದಿನ ಗೊತ್ತಾಯಿತು. ಕೊಟ್ರವ್ವ ತನ್ನ ಮಾತನ್ನೂ ಹೇಳಬೇಕು, ಪಂಪವ್ವನ ಮಾತನ್ನೂ ಅವಳೇ ಹೇಳಬೇಕು. ಇಂಥ ತಕರಾರು ಹಿಂದೆ ಬಂದಿತ್ತೇ ಎಂದು ಹಿರಿಯರು ತಮ್ಮತಮ್ಮಲ್ಲೇ ವಿಚಾರಿಸಿದರು. ಯಾರಿಗೂ ನೆನಪಿರಲಿಲ್ಲ. ಕಟ್ಟಳೆ ಮಾತ್ರ ಇದ್ದ ಹಾಗೆಯೇ ಇತ್ತು.

ಅದರ ಹಿಂದಿನ ಬೆಳಗ್ಗೆ ಇಬ್ಬರೂ ಎದುರುಬದುರು ಕೂತರು. "ಅಕ್ಕ, ನಾಳೆ ಏನು ಹೇಳ್ಲಿ?" ಎಂದಳು ಕೊಟ್ರವ್ವ. ಪಂಪವ್ವ ಎಡತೋಳಿನ ಸೆರಗು ಸರಿಸಿದಳು. ಮೊಣಕೈಯಿಂದ ಮುಂಗೈವರೆಗೆ ಸುಟ್ಟು ಸುಕ್ಕಾದ ಹಳೆಯ ಗಾಯದ ಕಲೆ. ಭಟ್ಟಿಯವರ ಮೈಮೇಲೆ ಇಂಥದು ಇದ್ದದ್ದೇ ಎಂದು ಕೊಟ್ರವ್ವ ಅದನ್ನು ಎಂದೂ ಕೇಳಿರಲಿಲ್ಲ. ಪಂಪವ್ವ ನೆಲದಿಂದ ಗೇಣೆತ್ತರ ಕೈ ತೋರಿಸಿದಳು. ಅಂಬೆಗಾಲಿಡುವ ಕೂಸು. ಮರಳಿನ ಬಾಣಲೆಯ ಕಡೆ ತೋರಿಸಿದಳು. ಕೂಸಿನ ಕೈ ಅದರತ್ತ. ಆಮೇಲೆ ತನ್ನ ತೋಳನ್ನು ಗಾಳಿಯಲ್ಲಿ ಅಡ್ಡ ಚಾಚಿದಳು. ಅಷ್ಟು ಸಾಕಾಯಿತು. ಕೊಟ್ರವ್ವ, "ಯಾಕ ಹೇಳಲಿಲ್ಲ ಅಕ್ಕ, ಇಷ್ಟು ವರ್ಸ?" ಎಂದಳು. ಪಂಪವ್ವ ಕೊಟ್ರವ್ವನ ಕಡೆ ಬೆರಳು ಮಾಡಿ, ಎರಡೂ ಕೈಯಿಂದ ಕೂಸನ್ನು ಎತ್ತಿಕೊಂಡು ಹೋಗುವ ಸನ್ನೆ ಮಾಡಿದಳು. ಆಮೇಲೆ ಬರಿದಾದ ಮಡಿಲನ್ನು ಎರಡು ಸಲ ತಟ್ಟಿಕೊಂಡು ತೋರಿಸಿದಳು.

ಆ ಸಂಜೆ ತಿಪ್ಪೇಶಿ ಹೆಂಡತಿಯ ಹತ್ತಿರ ಬಂದು ಕೂತ. "ಏ, ಒಂದು ಮಾತು. ಕಟ್ಟಳಿ ಏನೈತಿ? ಬಾಯಿ ಹೇಳಿದ್ದ ಮಾತು. ನಾಳೆ ಅತ್ತಿಗಿ ಮೈಮ್ಯಾಲ ಕೈಯಿಟ್ಟು, 'ಕೊಟ್ರವ್ವ ಕರೀಲಿ, ನಂಗ ಒಪ್ಪಿಗಿ ಐತಿ' ಅಂದುಬಿಡು. ಮುಗೀತು. ಯಾರೂ ಏನೂ ಮಾಡಾಕ ಬರಂಗಿಲ್ಲ."

"ಆಕಿ ಒಪ್ಪಿಲ್ಲಲ್ಲ."

"ಅದು ನಿಂಗ ಗೊತ್ತು, ಆಕೀಗೆ ಗೊತ್ತು. ಆಕೀಗೆ ಬಾಯಿಲ್ಲ. ನೀ ಸುಮ್ಮನಿದ್ದಿ ಅಂದ್ರ ಊರಿಗೆ ಹೆಂಗ ಗೊತ್ತಾಗತೈತಿ? ನಿನ್ನ ಮಗಳಲ್ಲೇನು ಆಕಿ? ಒಂದು ಸಲ ಹೆಸರು ಹಿಡದು ಕರಿಯೋ ಆಸಿ ಇಲ್ಲೇನು ನಿಂಗ?"

ಆಸೆ ಇಲ್ಲವೇ? ಹುಡುಗಿ ಹುಟ್ಟಿದಾಗಿನಿಂದ ಕೊಟ್ರವ್ವ ಆ ಹೆಸರನ್ನು ಗಟ್ಟಿಯಾಗಿ ಕೂಗಿದವಳಲ್ಲ. ಕೂಗಿದರೆ ಓಗೊಡುವಳೋ ಇಲ್ಲವೋ ಎಂಬ ಭಯ. ಬೇಕಾದಾಗ ಗೋಡೆಯ ಹತ್ತಿರ ಹೋಗಿ, "ಏ ಹುಡುಗಿ, ಇಲ್ಲಿ ಬಾ" ಅನ್ನುತ್ತಿದ್ದಳು. ಬಾಣಂತಿಸನ್ನಿಯ ಜ್ವರದಲ್ಲಿ ತನ್ನ ಮಗ್ಗುಲು ಖಾಲಿಯಾದದ್ದು ಒಂದು ನಷ್ಟ. ಇದು ಅದಕ್ಕಿಂತ ದೊಡ್ಡದು. ಅವಳು ಎದ್ದು ಗಂಡನಿಗೆ ಊಟಕ್ಕೆ ಬಡಿಸಿದಳು. ಅವನು ಒಪ್ಪಿದಳೆಂದೇ ತಿಳಿದು ನೆಮ್ಮದಿಯಿಂದ ಉಂಡ.

ಮಠದ ಅಂಗಳದಲ್ಲಿ ದೈವ ಕೂಡಿತು. ಹಾಸಿದ ಜಮಖಾನೆ ಸಾಲದೆ ಜನ ಕಟ್ಟೆಯ ಮೇಲೂ ಕೂತಿದ್ದರು. ಕೊಟ್ರವ್ವ ಮೊದಲು ತನ್ನ ಮಾತು ಹೇಳಿದಳು. ಹೆಚ್ಚೇನೂ ಇರಲಿಲ್ಲ. "ಒಂಬತ್ತು ತಿಂಗಳು ಹೊತ್ತೀನ್ರಿ. ಸಾಯಾಕ ಬಿದ್ದಾಗ ಕೊಟ್ಟೀನಿ. ಬೇಕು ಅಂತ ಕೊಟ್ಟಿದ್ದಲ್ಲ. ಒಂದು ಸಲ ಕರಿಯಾಕ ಕೊಡ್ರಿ" ಎಂದಳು. ಹೆಂಗಸರ ಸಾಲಿನಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ಅಲ್ಲಿಗೇ ನಿಲ್ಲಿಸಿದ್ದರೂ ಅವಳು ಗೆಲ್ಲುತ್ತಿದ್ದಳು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

"ಇನ್ನ ಪಂಪವ್ವಂದು" ಎಂದರು ರೇವಣಯ್ಯನವರು.

ಕೊಟ್ರವ್ವ ಎದ್ದು ಜಾಗ ಬದಲಿಸಿದಳು. ಪಂಪವ್ವನ ಪಕ್ಕದಲ್ಲಿ ಕೂತು ಮೊಣಕಾಲ ಮೇಲೆ ಕೈಯಿಟ್ಟಳು. ಪಂಪವ್ವ ಅವಳ ಕಡೆ ನೋಡಲಿಲ್ಲ. ಎದುರಿನ ದೀಪ ನೋಡುತ್ತಿದ್ದಳು. ತಿಪ್ಪೇಶಿ ಕಂಬದ ಮರೆಯಿಂದ ಕಣ್ಣು ಮಿಟುಕಿಸಿದ.

"ನಾನು ಪಂಪವ್ವ" ಎಂದಳು ಕೊಟ್ರವ್ವ. "ಈ ಕೊಟ್ರಿ ಹೆತ್ತಾಳ, ನಾನು ಇಲ್ಲ ಅನ್ನಂಗಿಲ್ಲ. ಆದ್ರ ಆಕಿ ಹೆತ್ತಿದ್ದು ಒಂದು ದಿನ. ನಾನು ದಿನಾ ಹೆತ್ತೀನಿ. ನನ್ನ ಎದಿಯಾಗ ಹಾಲಿರಲಿಲ್ಲ. ಮಂಡಕ್ಕಿ ನೆನಸಿ, ಕಿವಿಚಿ, ಬಟ್ಟಿಯಾಗ ಹಿಂಡಿ ಕುಡಿಸೀನಿ. ಊರವರು ಬಂಜಿ ಮಡಿಲಾಗ ಕೂಸು ಬದುಕಂಗಿಲ್ಲ ಅಂದ್ರು. ಅಂದವರು ಇಲ್ಲೇ ಕುಂತಾರ, ನೋಡ್ಕೊಳ್ರಿ."

ಜಮಖಾನೆಯ ಮೇಲೆ ಒಬ್ಬಿಬ್ಬರು ಅಲುಗಾಡಿದರು.

"ಅಂಬೆಗಾಲಿಡೋವಾಗ ಈ ಕೂಸು ಕಾದ ಮರಳಿಗೆ ಕೈ ಹಾಕಾಕ ಹೋತು. ಹಿಡದು ಎಳಿಯಾಕ ಹೊತ್ತಿರಲಿಲ್ಲ. ನನ್ನ ತೋಳು ಅಡ್ಡ ಇಟ್ಟೆ." ಅವಳು ಪಂಪವ್ವನ ಸೆರಗು ಸರಿಸಿ ತೋಳು ತೋರಿಸಿದಳು. "ಇದನ್ನ ಯಾರಿಗೂ ಹೇಳಿಲ್ಲ. ಹೇಳಿದ್ರ, ನಿಂಗ ಕೂಸನ್ನ ನೋಡಿಕೊಳ್ಳಾಕ ಬರಂಗಿಲ್ಲ ಅಂತ ಕೊಟ್ರಿ ತಿರುಗಿ ಎತ್ತಿಕೊಂಡು ಹೋಗ್ತಾಳ ಅಂತ ಅಂಜಿಕಿ. ಹೌದ್ರಿ, ಆಕಿ ಕೇಳಾಕ ಬಂದಾಗೆಲ್ಲ ನಾನ ದೂಡಿದೆ. ಹಲ್ಲು ಬರ್ಲಿ ಅಂದೆ, ಹೆಜ್ಜಿ ಇಡ್ಲಿ ಅಂದೆ. ತಪ್ಪಂದ್ರ ತಪ್ಪು. ಆದ್ರ ಈ ಅಂಗಳದಾಗ ಅಂಬೂ ಅಂತ ಒದರಿದ್ರ ಅವ್ವ ಅಂತ ಓಡಿ ಬಂದಿದ್ದು ನನ್ನ ಕಡೆ. ಕೊಟ್ರಿ ಬದುಕ್ಯಾಳ, ಆಕೀಗೆ ಗಂಡ ಅದಾನ, ಮಗ ಅದಾನ. ನಂಗ ಯಾರದಾರ? ನಾಳೆ ಆಕಿ ಗಂಡನ ಮನೀಗೆ ಹೋದ್ರ ನನ್ನ ಹತ್ರ ಉಳಿಯೋದು ಆ ಹೆಸರೊಂದ. ಕಡೀ ಸಲ ಅದನ್ನ ನಾನು ಕರೀಬೇಕು."

ಅವ್ವ ಅಂತ ಓಡಿ ಬಂದದ್ದನ್ನು ಹೇಳುವ ಹೊತ್ತಿಗಾದರೂ ಕೊಟ್ರವ್ವನ ದನಿ ಒಡೆಯಬೇಕಿತ್ತು. ಒಡೆಯಲಿಲ್ಲ. ಪುರಾಣ ಓದುವವರಲ್ಲಿ ನಾನು ಬಲ್ಲ ಒಳ್ಳೆಯ ದನಿಗಳೆಲ್ಲ ಹಾಗೆಯೇ. ಎದುರಿನವರ ಎದೆ ಒಡೆದೀತು, ತಮ್ಮ ಸಾಲು ಒಡೆಯಗೊಡುವುದಿಲ್ಲ. ನಾಲ್ಕನೆಯ ಸಾಲನ್ನು ಎರಡನೆಯದಕ್ಕೆ ತಂದವಳು ಇವಳೇ ಏನು ಎಂದು ನಾನು ಬೆರಗಾದೆ. ತನ್ನ ವಿರುದ್ಧ ತಾನೇ, ಒಂದು ಮಾತನ್ನೂ ಕದಿಯದೆ, ಒಂದು ಮಾತನ್ನೂ ತೆಳ್ಳಗೆ ಮಾಡದೆ, ಎದುರಾಳಿಯ ಪಾಲನ್ನು ಪೂರ್ತಿ ಅಳೆದುಕೊಟ್ಟಳು.

"ಕೊಟ್ರವ್ವಾ" ಎಂದರು ರೇವಣಯ್ಯನವರು, "ಇದಕ್ಕ ನಿನ್ನ ಉತ್ತರ ಏನಾರ ಐತೇನು?"

ಅವಳು ಪಂಪವ್ವನ ಮೊಣಕಾಲಿನಿಂದ ಕೈ ತೆಗೆದಳು. "ಇಲ್ರೀ ಅಜ್ಜಾರ. ಕೇಳಿದ ಮ್ಯಾಲ ನಂಗೂ ಅದ ಖರೇ ಅನ್ನಿಸ್ತು."

ತಿಪ್ಪೇಶಿ ಹಣೆ ಹಣೆ ಬಡಿದುಕೊಂಡ. ದೈವ ತಾಯಿಯ ಸ್ಥಾನ ಪಂಪವ್ವನಿಗೆ ಎಂದಿತು. ಕರೆಯುವ ಹೊತ್ತಿಗೆ ಮಾತು ಬಂದಿದ್ದರೆ ಪಂಪವ್ವ ಕರೆಯಲಿ. ಬಂದಿರದಿದ್ದರೆ ಕಟ್ಟಳೆಯಂತೆ ಅವಳ ಪರವಾಗಿ ಅವಳ ಬಾಯಿ ಕರೆಯಲಿ, ಎಂದರು. ಮನೆಗೆ ಹೋಗುವಾಗ ಕೊಟ್ರವ್ವ ಮುಂದೆ, ಪಂಪವ್ವ ಹಿಂದೆ. ಅಂಗಳದ ಗೋಡೆಯ ಹತ್ತಿರ ಪಂಪವ್ವ ಅವಳ ಸೆರಗಿನ ತುದಿ ಹಿಡಿದು ನಿಲ್ಲಿಸಿದಳು. ಏನೂ ಸನ್ನೆ ಮಾಡಲಿಲ್ಲ. ಹಾಗೇ ಹಿಡಿದುಕೊಂಡು ನಿಂತು, ಆಮೇಲೆ ಬಿಟ್ಟಳು.

ಮದುವೆಯ ದಿನ ಬಂತು. ಮನೆಯ ಮುಂದಿನಿಂದ ಮಠದ ಪಕ್ಕದವರೆಗೆ ಹಂದರ. ಪಂಪವ್ವ ಹೊಸ ಇಳಕಲ್ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಳು. ಮಾತು ಬಂದಿಲ್ಲವೇ ಎಂದು ರೇವಣಯ್ಯನವರು ಕೇಳಿದಾಗ ಕಣ್ಣು ತಗ್ಗಿಸಿದಳು. ಕೊಟ್ರವ್ವ ಅವಳ ಭುಜದ ಮೇಲೆ ಕೈಯಿಟ್ಟು, ಒಳಮನೆಯ ಕಡೆ ಮುಖ ಮಾಡಿ ಕರೆದಳು. "ಅಂಬೂ..." ಪಂಪವ್ವ ಕರೆಯುವ ಧಾಟಿಯೇ. ಕೊನೆಯಲ್ಲಿ ಒಂದಿಷ್ಟು ಎಳೆತ. ಎರಡನೆಯ ಕರೆಯೂ ಹಾಗೆಯೇ. ಅಷ್ಟರಲ್ಲಿ ಪಂಪವ್ವ ಭುಜದ ಮೇಲಿದ್ದ ಆ ಕೈಯನ್ನು ಎತ್ತಿದಳು. ಎತ್ತಿ, ಕೆಳಗಿಳಿಸಿ, ತನ್ನ ಎರಡೂ ಅಂಗೈಯ ನಡುವೆ ಹಿಡಿದುಕೊಂಡಳು. ಮೈಮೇಲೆ ಕೈಯಿಲ್ಲದಿದ್ದರೆ ಬಾಯಿಯ ಮಾತು ಬಾಯಿಯದೇ. ಕೊಟ್ರವ್ವ ಅವಳ ಮುಖ ನೋಡಿದಳು. ಆ ಮುಖ ಏನನ್ನೂ ಹೇಳಲಿಲ್ಲ.

"ಅಂಬುಜಾ! ಬಾರವ್ವಾ, ನನ್ನ ತಾಯಿ!"

ಅದು ಗಂಟಲಿನಿಂದ ಬಂದ ದನಿಯಲ್ಲ. ಹಂದರದ ಆ ಕೊನೆಯಲ್ಲಿ ಒಲೆ ಊದುತ್ತಿದ್ದವರೂ ತಲೆ ಎತ್ತಿದರು. ಒಳಗಿನಿಂದ ಬಳೆಯ ಸದ್ದಾಯಿತು. ಅಂಬುಜಾ ಎದ್ದು ಬಂದಳು.

ಅಕ್ಕಿಕಾಳು ಬಿತ್ತು, ಮದುಮಕ್ಕಳು ದೇವರಿಗೆ ಕೈಮುಗಿಯಲು ಹೋದರು, ಜನ ಊಟದ ಪಂಕ್ತಿಯ ಕಡೆ ನಡೆದರು. ಹೊಸ್ತಿಲ ಹತ್ತಿರ ವಾರಗಿತ್ತಿಯರಿಬ್ಬರೇ ಉಳಿದರು; ಹರಿವಾಣ ಎತ್ತಿಡುತ್ತ ನಾನೂ ಅಲ್ಲೇ ಇದ್ದೆ. ಪಂಪವ್ವ ಕೂದಲಲ್ಲಿದ್ದ ಅಕ್ಕಿಕಾಳು ಕೊಡವಿಕೊಳ್ಳುತ್ತ ಹೇಳಿದಳು:

"ಎಷ್ಟು ಗಟ್ಟಿ ಒದರ್ತೀಯ ಲೇ. ನನ್ನ ಈ ಕಿವಿ ಇನ್ನೂ ಗುಂಯ್ ಅನ್ನಾಕತ್ತೈತಿ."

ಕೊಟ್ರವ್ವ ಹೌಹಾರಿ ಎರಡು ಹೆಜ್ಜೆ ಹಿಂದೆ ಹೋದಳು. "ಅಕ್ಕಾ! ಮಾತು ಯಾವಾಗ ಬಂತು?"

"ಅರಿಷಿಣದ ದಿನ. ಹಿಟ್ಟು ಕಲಸ್ತಿದ್ದೆ, ಕೆಮ್ಮು ಬಂತು. ಕೆಮ್ಮಿನ ಬೆನ್ನಿಗೆ ಶಿವಾ ಅಂತ ಬಂತು."

"ಅಂದ್ರ ಕರಿಯೋವಾಗ... ಜಾಗಟಿ ಯಾಕ ಬಾರಿಸಲಿಲ್ಲ? ಅಕ್ಕ, ಕಳ್ಳಮೌನ ಅಂತಾರ! ಗೊತ್ತಾದ್ರ ಮನಿತನಕ್ಕ ಹತ್ತತೈತಿ!"

"ಬಾರಿಸಿದ್ರ ನೀ ಹೆಂಗ ಕರೀತಿದ್ದಿ?"

ಕೊಟ್ರವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು. ಪಂಪವ್ವ ಮೂಗಿನ ತುದಿ ಉಜ್ಜಿಕೊಂಡು ನಿಂತಿದ್ದಳು. ಆಮೇಲೆ, "ಸಾಕು ನಡಿ, ರೇವಣಯ್ಯಜ್ಜಾರ ಮುಂದ ತಪ್ಪು ಒಪ್ಕೋತೀನಿ. ಸುಳ್ಳು ನಂಗ ಬರಂಗಿಲ್ಲ" ಎಂದು ಮಠದ ಕಡೆ ಹೊರಟೇಬಿಟ್ಟಳು. ಹರಿವಾಣ ಕೈಯಲ್ಲಿದ್ದಂತೆಯೇ ನಾನೂ ಹಿಂದೆ ಹೋದೆ.

ರೇವಣಯ್ಯನವರು ಪೂಜೆ ಮುಗಿಸಿ ಹೊರಬರುತ್ತಿದ್ದರು. ಪಂಪವ್ವ ಅಡ್ಡಬಿದ್ದು ಎದ್ದಳು. ಜಾಗಟೆಯ ಕಡೆ ನೋಡಿದಳು. "ಮಾತು ಬಂತೇನವ್ವ?" ಎಂದು ಅವರ ಮುಖ ಅರಳಿತು. "ಯಾವಾಗ ಬಂತು?"

ಪಂಪವ್ವ ಬಾಯಿ ತೆರೆದಳು. ಅಷ್ಟರೊಳಗೆ ಕೊಟ್ರವ್ವನ ಕೈ ಅವಳ ಭುಜದ ಮೇಲೆ ಬಿದ್ದಿತ್ತು. ಜಾಗಟೆ ಇನ್ನೂ ಬಾರಿಸಿರಲಿಲ್ಲ. ಬಾಯಿ ಇನ್ನೂ ಅವಳೇ.

"ಈಗ ಬಂತ್ರಿ ಅಜ್ಜಾರ. ಈಗ, ಹೊಸ್ತಿಲದಾಗ."

ಅಷ್ಟು ತಿಂಗಳು ಬಾಯಿಯಾಗಿ ದುಡಿದವಳು ಪಂಪವ್ವನ ಮೈಮೇಲೆ ಕೈಯಿಟ್ಟು ಇಲ್ಲದ್ದನ್ನು ಹೇಳಿದ್ದು ಮಂಡಕ್ಕಿಯ ಗಿರಾಕಿಗಳಿಗೆ, ಅದು ಬಿಟ್ಟರೆ ಈಗ. ರೇವಣಯ್ಯನವರು ಇಬ್ಬರನ್ನೂ ನೋಡಿದರು. ಅವರು ಕಿವಿ ಮಂದವಾದವರಲ್ಲ, ಕಣ್ಣೂ ಮಂದವಲ್ಲ. ಹೊಸ್ತಿಲಲ್ಲಿ ಕಣ್ಣು ತಗ್ಗಿಸಿದ ಪಂಪವ್ವನನ್ನು ಅವರೂ ಕಂಡಿದ್ದರು. ಒಂದು ಸಾಲು ಮುಗಿದು ಇನ್ನೊಂದು ಏಳುವಷ್ಟು ಹೊತ್ತು ಅವರು ಏನನ್ನೂ ಅನ್ನಲಿಲ್ಲ. ಆಮೇಲೆ ಜಾಗಟೆಯ ಕೋಲು ತೆಗೆದು ಪಂಪವ್ವನ ಕೈಗೆ ಕೊಟ್ಟು, "ತಡ ಯಾಕವ್ವ, ಬಾರ್ಸು. ಪಂಕ್ತಿಯಾಗ ಪಾಯಸ ಆರಾಕತ್ತೈತಿ" ಎಂದರು.

ಜಾಗಟೆಯ ಸದ್ದು ಕೇಳಿ ಪಂಕ್ತಿಯಲ್ಲಿ ಕೂತವರು ಕೈ ತೊಳೆಯದೆಯೇ ಎದ್ದು ಬಂದರು. ಮಾತು ಮರಳಿದವರು ಎಲ್ಲರ ಮುಂದೆ ಆಡುವ ಮೊದಲ ಮಾತನ್ನು ಕೇಳುವುದು ನಮ್ಮೂರಿನವರಿಗೆ ತೀರ್ಥವಿದ್ದ ಹಾಗೆ. ದೇವರ ಹೆಸರು ಹೇಳುವವರೇ ಹೆಚ್ಚು. ಅಂಬುಜಾ ಬಾಸಿಂಗ ಕಟ್ಟಿಕೊಂಡೇ ಓಡಿಬಂದು ಮುಂದೆ ನಿಂತಳು. ತಿಪ್ಪೇಶಿ, ಹನುಮಕ್ಕ, ಬಂಜಿ ಮಡಿಲು ಎಂದವರು, ಎಲ್ಲರೂ ಇದ್ದರು. ಪಂಪವ್ವ ಕೋಲನ್ನು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು. ಮಗಳ ಕಡೆ ನೋಡಲಿಲ್ಲ, ದೇವರ ಕಡೆಯೂ ನೋಡಲಿಲ್ಲ. ಜನರ ಹಿಂದೆ ಸರಿದು ನಿಂತಿದ್ದ ಕೊಟ್ರವ್ವನ ಕಡೆ ತಿರುಗಿ, ಊರಿಗೆಲ್ಲ ಕೇಳುವ ಹಾಗೆ ಕರೆದಳು:

"ಅಂಬುಜಾನ ಅವ್ವಾ, ಅಲ್ಲ್ಯಾಕ ನಿಂತಿ? ಬಾ, ಊಟಕ್ಕ ಕೂಡೋಣು."